ಪಿಎಂಬಸ್ ಚಿಪ್‌ಗೆ ಬರೆಯುವ ಮುನ್ನ: ಎರಡು ತಂತಿಯ ಬಸ್ಸನ್ನು ಟೇಬಲ್ ಮೇಲೆ ಎಬ್ಬಿಸುವ ಕ್ರಮ

1.2 ವೋಲ್ಟ್ ಕೊಡು ಅಂತ ಹೇಳಹೊರಟು ಎರಡು ಬೈಟ್ ಹಿಂದುಮುಂದಾದರೆ ಪವರ್ ಚಿಪ್ 3.19 ವೋಲ್ಟ್ ಕೊಟ್ಟುಬಿಡುತ್ತದೆ. ಹಾಗೆ ಹೇಳುವ ಭಾಷೆಯೇ ಪಿಎಂಬಸ್: ವೋಲ್ಟೇಜ್ ಕೊಡುವ ಚಿಪ್‌ಗಳ ಜೊತೆ ಎರಡು ತಂತಿಯ ಮೇಲೆ (ಅದೇ ಬಸ್ಸು) ಮಾತಾಡುವ ಪದ್ಧತಿ. ತಂತಿ ಸರಿಯಿತ್ತು, ಅಡ್ರೆಸ್ ಸರಿಯಿತ್ತು, ಚಿಪ್ ಅಕ್ನಾಲೆಜ್ ಕೂಡ ಮಾಡಿತು. ಬಸ್ಸಿನ ಲೆಕ್ಕದಲ್ಲಿ ಎಲ್ಲವೂ ಸುಸೂತ್ರ, ಎದುರಿಗಿದ್ದ ಎಫ್‌ಪಿಜಿಎ (ಬೇಕಾದಂತೆ ರೂಪಿಸಿಕೊಳ್ಳುವ ಲಾಜಿಕ್ ಚಿಪ್) ಮಾತ್ರ ಹೋಯಿತು. ಹಾಗಾಗಿ ಈ ಬರಹದ ಹೆಚ್ಚಿನ ಪಾಲು ಬರೆಯುವುದಕ್ಕೆ ಮುಂಚಿನ ಕೆಲಸದ್ದು: ತಂತಿ, ನೆಲ (ಗ್ರೌಂಡ್), ಓದು, ಲೆಕ್ಕ. ದಾವಣಗೆರೆಯ ಬಿಐಇಟಿ, ಯುಬಿಡಿಟಿ ಅಥವಾ ಚಿತ್ರದುರ್ಗದ ಎಸ್‌ಜೆಎಂಐಟಿಯಂಥ ಕಡೆ ಪ್ರಾಜೆಕ್ಟ್ ಮಾಡುವವರಿಗೂ, ಸರ್ವರ್ ಪವರ್ ಸಪ್ಲೈ ಬಿಚ್ಚಿ ರಿಪೇರಿ ಮಾಡುವವರಿಗೂ ಇದೇ ಕ್ರಮ ಸಾಕು.

ವಂಶಾವಳಿ ಚುಟುಕಾಗಿ: ಚಿಪ್‌ಗಳು ಎರಡು ತಂತಿಯಲ್ಲಿ ಮಾತಾಡುವ ಐ2ಸಿ ಪದ್ಧತಿಯನ್ನು ಫಿಲಿಪ್ಸ್ 1982ರಲ್ಲಿ ತಂದಿತು. ಅದರ ಮೇಲೆ ಇಂಟೆಲ್ 1995ರಲ್ಲಿ ಎಸ್‌ಎಂಬಸ್ ಕಟ್ಟಿತು. ಟೈಮ್‌ಔಟ್, ಎರರ್ ತಪಾಸಣೆ, ಅಲರ್ಟ್ ತಂತಿ ಸೇರಿದ್ದು ಈ ಅಂತಸ್ತಿನಲ್ಲಿ. ಅದರ ಮೇಲೆ 2005ರಲ್ಲಿ ಪಿಎಂಬಸ್ ಬಂತು. ಅದು ಪವರ್ ಚಿಪ್‌ಗಳಿಗೆ ಒಂದು ಸಮಾನ ಕಮಾಂಡ್ ಪಟ್ಟಿ ಕೊಟ್ಟಿತು. ಐ2ಸಿ ಗೊತ್ತಿದೆಯಲ್ಲ, ಇನ್ನೇನು ಎಂದು ಕೂರುವವರು ಎಡವುವುದು ಮೇಲಿನ ಈ ಎರಡು ಅಂತಸ್ತುಗಳಲ್ಲೇ.

ಒಂದು ಸೂಚನೆ. ಕೆಳಗೆ "ಹೆಕ್ಸ್" ಎಂದಿರುವ ಸಂಖ್ಯೆಗಳೆಲ್ಲ ಹದಿನಾರರ ಪದ್ಧತಿಯವು. ಕಮಾಂಡ್, ಅಡ್ರೆಸ್, ಬೈಟ್‌ಗಳ ಸಂಖ್ಯೆಗಳು ಆ ಪದವಿಲ್ಲದೆ ಬಂದರೂ ಹಾಗೆಯೇ. ಅವುಗಳ ಅಕ್ಷರಗಳನ್ನು ಎ, ಬಿ, ಸಿ, ಡಿ, ಇ, ಎಫ್ ಎಂದೇ ಬರೆದಿದೆ.

ಸಾಮಾನು

ಪಿಎಂಬಸ್ ಇರುವ ಒಂದು ಇವ್ಯಾಲ್ಯುಯೇಶನ್ ಬೋರ್ಡ್ (ಚಿಪ್ಪನ್ನು ಪ್ರಯೋಗಿಸಿ ನೋಡಲೆಂದೇ ಮಾಡಿದ ಬೋರ್ಡ್), ಮಾತಾಡಿಸಲು ರಾಸ್ಪ್‌ಬೆರಿ ಪೈ ಅಥವಾ ಯುಎಸ್‌ಬಿ ಅಡಾಪ್ಟರ್, 2.2, 4.7 ಮತ್ತು 10 ಕಿಲೋಓಮ್‌ನ ನಾಲ್ಕಾರು ರೆಸಿಸ್ಟರ್, ಕರೆಂಟ್ ಲಿಮಿಟ್ ಇರುವ ಬೆಂಚ್ ಸಪ್ಲೈ, ಮಲ್ಟಿಮೀಟರ್, ಎಂಟು ಚಾನೆಲ್‌ನ ಅಗ್ಗದ ಲಾಜಿಕ್ ಅನಲೈಸರ್. ಆಸಿಲೋಸ್ಕೋಪ್ ಲ್ಯಾಬಿನಲ್ಲಿ ಸಿಕ್ಕರೆ ಎರಡು ಗಂಟೆ ಸಾಕು, ಸ್ವಂತಕ್ಕೆ ಬೇಕಿಲ್ಲ. ಬೆಂಗಳೂರಿನ ಎಸ್‌ಪಿ ರಸ್ತೆಯಿಂದ ತರಿಸುವುದಾದರೆ ಒಂದೇ ಪಾರ್ಸೆಲ್‌ನಲ್ಲಿ ಎರಡು ಚಿಪ್ ಹೆಚ್ಚಿಗೆ ತರಿಸಿ. ಹತ್ತು ರೂಪಾಯಿಯ ರೆಸಿಸ್ಟರ್ ಮರೆತು ಸುಮಾರು 260 ಕಿಲೋಮೀಟರ್ ದೂರದಿಂದ ಇನ್ನೊಂದು ಪಾರ್ಸೆಲ್‌ಗೆ ಕಾಯುವುದು ಯಾರಿಗೂ ಬೇಡ.

ಲೋಡ್ ಆಗಿ ಎಫ್‌ಪಿಜಿಎ ಅಥವಾ ಪ್ರೊಸೆಸರ್ ಇಡಬೇಡಿ. 1 ಓಮ್, 5 ವ್ಯಾಟ್‌ನ ಸೆರಾಮಿಕ್ ರೆಸಿಸ್ಟರ್ ಇಡಿ. 1.2 ವೋಲ್ಟ್‌ಗೆ 1.2 ಆಂಪಿಯರ್ ಹರಿಯುತ್ತದೆ, 1.44 ವ್ಯಾಟ್ ಬಿಸಿ. ಮೇಲೆ ಹೇಳಿದ 3.19 ವೋಲ್ಟ್ ಬಂದರೆ 10 ವ್ಯಾಟ್ ದಾಟುತ್ತದೆ. ರೆಸಿಸ್ಟರ್ ಸುಟ್ಟ ವಾಸನೆ ಬರುತ್ತದೆ, ನಷ್ಟ ಅಷ್ಟಕ್ಕೇ ನಿಲ್ಲುತ್ತದೆ.

ಪುಲ್‌ಅಪ್: ಯಾರೂ ಎಣಿಸದ ರೆಸಿಸ್ಟರ್‌ಗಳು

ಡೇಟಾ ಮತ್ತು ಕ್ಲಾಕ್ ಎರಡೂ ಓಪನ್ ಡ್ರೇನ್ ತಂತಿಗಳು. ಚಿಪ್‌ಗಳು ತಂತಿಯನ್ನು ಕೆಳಗೆ ಎಳೆಯಬಲ್ಲವು, ಮೇಲೆ ತಳ್ಳಲಾರವು. ಮೇಲೇರಿಸುವ ಕೆಲಸ ಪುಲ್‌ಅಪ್ ರೆಸಿಸ್ಟರ್‌ನದು. ಅದು ದೊಡ್ಡದಾದರೆ ತಂತಿ ಆಮೆಯಂತೆ ಏರುತ್ತದೆ; ಚಿಕ್ಕದಾದರೆ ಚಿಪ್‌ಗೆ ಎಳೆಯುವ ಶಕ್ತಿ ಸಾಲದೆ "ಸೊನ್ನೆ" ಸೊನ್ನೆಯಾಗಿ ಉಳಿಯುವುದಿಲ್ಲ.

ಲೆಕ್ಕ ಸುಲಭ. ಸಾಮಾನ್ಯ ಐ2ಸಿ ಚಿಪ್ 0.4 ವೋಲ್ಟ್‌ನಲ್ಲಿ 3 ಮಿಲಿಆಂಪಿಯರ್ ಎಳೆಯುತ್ತದೆ. 3.3 ವೋಲ್ಟ್ ಬಸ್ಸಿಗೆ ಕನಿಷ್ಠ ರೆಸಿಸ್ಟರ್ 2.9 ಭಾಗಿಸು 3 ಮಿಲಿಆಂಪಿಯರ್, ಅಂದರೆ ಸುಮಾರು 970 ಓಮ್. ಗರಿಷ್ಠ ಮಿತಿ ಬರುವುದು ರೈಸ್ ಟೈಮ್‌ನಿಂದ, ಅಂದರೆ ತಂತಿ ಮೇಲೇರಲು ಇರುವ ಗರಿಷ್ಠ ಸಮಯದಿಂದ: 100 ಕಿಲೋಹರ್ಟ್ಸ್‌ಗೆ 1000 ನ್ಯಾನೋಸೆಕೆಂಡ್, 400ಕ್ಕೆ 300. ಈ ಸಮಯವನ್ನು 0.8473ರಿಂದಲೂ ಬಸ್ಸಿನ ಕೆಪ್ಯಾಸಿಟನ್ಸ್‌ನಿಂದಲೂ ಭಾಗಿಸಿ. 200 ಪಿಕೋಫ್ಯಾರಡ್ ಇದ್ದರೆ 100 ಕಿಲೋಹರ್ಟ್ಸ್‌ನಲ್ಲಿ 5.9 ಕಿಲೋಓಮ್ ವರೆಗೆ ಆದೀತು. 100 ಪಿಕೋಫ್ಯಾರಡ್ ಇದ್ದು 400 ಕಿಲೋಹರ್ಟ್ಸ್ ಬೇಕೆಂದರೆ 3.5 ಕಿಲೋಓಮ್ ಮೀರಬಾರದು. ರಿಬ್ಬನ್ ಕೇಬಲ್ ಮೀಟರ್‌ಗೆ ಸುಮಾರು 50ರಿಂದ 100 ಪಿಕೋಫ್ಯಾರಡ್ ಸೇರಿಸುತ್ತದೆ, ಪ್ರತಿ ಚಿಪ್ಪಿನ ಪಿನ್ 10ರ ಆಸುಪಾಸು. 30 ಸೆಂಟಿಮೀಟರ್ ದಾಟದ ಕೇಬಲ್, 100 ಕಿಲೋಹರ್ಟ್ಸ್, 2.2 ಅಥವಾ 4.7 ಕಿಲೋಓಮ್: ಮೊದಲ ದಿನಕ್ಕೆ ಇದೇ ಸಾಕು. ವೇಗದ ಆಸೆ ಆಮೇಲೆ ಪಡೋಣ. ವೋಲ್ಟೇಜ್ ಓದಲು 400 ಕಿಲೋಹರ್ಟ್ಸ್‌ನ ಅಗತ್ಯ ಬಹುಮಟ್ಟಿಗೆ ಇರುವುದೇ ಇಲ್ಲ.

ಎಡವಟ್ಟಾಗುವುದು ಹೀಗೆ. ರಾಸ್ಪ್‌ಬೆರಿ ಪೈಯ 3 ಮತ್ತು 5ನೇ ಪಿನ್ನಿಗೆ ಒಳಗೇ 1.8 ಕಿಲೋಓಮ್ ಪುಲ್‌ಅಪ್ ಇದೆ. ಅದಕ್ಕೆ 4.7 ಕಿಲೋಓಮ್ ಇರುವ ಮೂರು ಬೋರ್ಡ್ ತಗುಲಿಸಿದರೆ ಎಲ್ಲ ಸೇರಿ 840 ಓಮ್ ಆಗುತ್ತದೆ, 3.9 ಮಿಲಿಆಂಪಿಯರ್. ಒಂದೊಂದೇ ಬೋರ್ಡ್ ಚೆನ್ನಾಗಿ ಓಡುತ್ತದೆ, ಮೂರೂ ಸೇರಿದಾಗ ತಕರಾರು. ಊಹೆ ಬೇಡ: ಕರೆಂಟ್ ಪೂರ್ತಿ ಆರಿಸಿ, ಡೇಟಾ ತಂತಿಗೂ 3.3 ವೋಲ್ಟ್ ರೈಲಿಗೂ (ವೋಲ್ಟೇಜ್ ಒದಗಿಸುವ ದಾರಿ) ನಡುವೆ ಮಲ್ಟಿಮೀಟರ್‌ನಲ್ಲಿ ಓಮ್ ನೋಡಿ. 1 ಕಿಲೋಓಮ್‌ಗಿಂತ ಕಡಿಮೆ ಕಂಡರೆ ಯಾವುದಾದರೂ ಬೋರ್ಡಿನ ಪುಲ್‌ಅಪ್ ಕಿತ್ತುಹಾಕಿ.

ಆರ್ಡುಯಿನೋ ಊನೋ ಬಳಸುವವರಿಗೆ ಬೇರೆ ಮಾತು. ಅದು 5 ವೋಲ್ಟ್‌ನದು, ಅದರ ವೈರ್ ಲೈಬ್ರರಿ ಒಳಗಿನ ಪುಲ್‌ಅಪ್ಪನ್ನು ತಾನಾಗಿಯೇ ಆನ್ ಮಾಡುತ್ತದೆ. 3.3 ವೋಲ್ಟ್ ಮಾತ್ರ ತಡೆಯುವ ಚಿಪ್ ಇದ್ದರೆ ನಡುವೆ 5 ಮತ್ತು 3.3 ವೋಲ್ಟ್‌ಗಳನ್ನು ಹೊಂದಿಸುವ ಬಿಎಸ್‌ಎಸ್138 ಲೆವೆಲ್ ಶಿಫ್ಟರ್ ಹಾಕಿ. ಇಲ್ಲವೇ 3.3 ವೋಲ್ಟ್‌ನ ಬೋರ್ಡೇ ಬಳಸಿ, ತಲೆನೋವೇ ಇಲ್ಲ.

ಗ್ರೌಂಡ್ ಎಲ್ಲಿ ಹಿಡಿಯುತ್ತೀರಿ ಅನ್ನುವುದೂ ಲೆಕ್ಕಕ್ಕೆ ಬರುತ್ತದೆ

ಸಾಧಾರಣ ಸೆನ್ಸರ್‌ಗೂ ಪವರ್ ಚಿಪ್‌ಗೂ ಇರುವ ದೊಡ್ಡ ವ್ಯತ್ಯಾಸ ಇಲ್ಲೇ. ಈ ಬೋರ್ಡಿನ ನೆಲದಲ್ಲಿ ಹತ್ತಾರು ಆಂಪಿಯರ್ ಹರಿಯುತ್ತದೆ. 30 ಆಂಪಿಯರ್ ಹರಿಯುವ ದಾರಿಯಲ್ಲಿ 5 ಮಿಲಿಓಮ್ ಇದ್ದರೂ 150 ಮಿಲಿವೋಲ್ಟ್ ಎದ್ದು ನಿಲ್ಲುತ್ತದೆ. ಹಳೆಯ ಎಸ್‌ಎಂಬಸ್ ನಿಯಮದಲ್ಲಿ "ಸೊನ್ನೆ"ಯ ಗಡಿ 0.8 ವೋಲ್ಟ್. ಚಿಪ್ಪಿನ 0.4ಕ್ಕೆ ಈ 150 ಸೇರಿ, ಮೇಲೆ ಸ್ವಿಚಿಂಗ್ ಗದ್ದಲವೂ ಕೂತರೆ ಗಡಿ ಹತ್ತಿರವೇ. ಕೇಬಲ್ಲಿನ ಗ್ರೌಂಡನ್ನು ಔಟ್‌ಪುಟ್ ಟರ್ಮಿನಲ್ ಬಳಿ ಹಿಡಿಯಬೇಡಿ. ಚಿಪ್ಪಿನ ಸಿಗ್ನಲ್ ಗ್ರೌಂಡ್ ಪಕ್ಕದ ಹೆಡರ್‌ನಲ್ಲೇ ಹಿಡಿಯಿರಿ.

ಡೇಟಾ ಮತ್ತು ಕ್ಲಾಕ್ ತಂತಿಗಳನ್ನು ಒಂದಕ್ಕೊಂದು ಹೊಸೆಯುವ ಅಭ್ಯಾಸ ಹಲವರಿಗಿದೆ. ತಪ್ಪು. ಒಂದರ ಏರಿಳಿತ ಇನ್ನೊಂದಕ್ಕೆ ದಾಟುತ್ತದೆ. ಪ್ರತಿಯೊಂದನ್ನೂ ಒಂದೊಂದು ಗ್ರೌಂಡ್ ತಂತಿಯ ಜೊತೆ ಹೊಸೆಯಿರಿ. ರಿಬ್ಬನ್ ಆದರೆ ಡೇಟಾ, ಗ್ರೌಂಡ್, ಕ್ಲಾಕ್ ಎಂಬ ಸಾಲಿನಲ್ಲಿ ಇಡಿ. ಇಂಡಕ್ಟರ್ ಮೇಲಿಂದ ಕೇಬಲ್ ಹಾಯಬಾರದು.

ನಮ್ಮ ಕಡೆಯ ಇನ್ನೊಂದು ಸಂಗತಿ: ಲ್ಯಾಬಿನ ಪಕ್ಕ ಅಕ್ಕಿ ಗಿರಣಿಯೋ ಮಂಡಕ್ಕಿ ಭಟ್ಟಿಯೋ ಚಳ್ಳಕೆರೆ ಕಡೆಯಾದರೆ ಎಣ್ಣೆ ಗಾಣವೋ ಇರುತ್ತದೆ. ಮೋಟರ್ ಸ್ಟಾರ್ಟರ್‌ನ ಕಾಂಟ್ಯಾಕ್ಟರ್ ಬಿದ್ದ ಗಳಿಗೆಗೆ ಒಂದು ಓದು ಕೆಡುವುದುಂಟು. ಲ್ಯಾಪ್‌ಟಾಪನ್ನು ಚಾರ್ಜರ್‌ನಿಂದ ಬಿಡಿಸಿ ಬ್ಯಾಟರಿಯಲ್ಲಿ ಓಡಿಸಿ ನೋಡಿ. ದೋಷ ಕಡಿಮೆಯಾದರೆ ಕಾರಣ ಅರ್ಥಿಂಗ್ ಸುತ್ತು. ಆಗ ಎಡಿಯುಎಂ1250 ಥರದ ಐ2ಸಿ ಐಸೊಲೇಟರ್ ಹಾಕುವುದು ಖಾಯಂ ಪರಿಹಾರ. ಬೇಸಿಗೆಯ ಒಣ ಹವೆಯಲ್ಲಿ ಮಣಿಕಟ್ಟಿನ ಆಂಟಿಸ್ಟ್ಯಾಟಿಕ್ ಪಟ್ಟಿ ಇಲ್ಲದೆ ಬೋರ್ಡ್ ಮುಟ್ಟಬೇಡಿ.

ಈಗ ಕರೆಂಟ್ ಕೊಡಿ, ಆದರೆ ಏನೂ ಕಳಿಸಬೇಡಿ. ಮೀಟರ್‌ನಲ್ಲಿ ಎರಡೂ ತಂತಿ 3.3 ವೋಲ್ಟ್ ಆಸುಪಾಸು ಇರಬೇಕು. ಸೊನ್ನೆ ಇದ್ದರೆ ಪುಲ್‌ಅಪ್ ಇಲ್ಲ, ಶಾರ್ಟ್ ಇದೆ, ಇಲ್ಲವೇ ಯಾವುದೋ ಚಿಪ್ ಎಳೆದು ಕೂತಿದೆ. ಕರೆಂಟ್ ಸಿಗದ ಚಿಪ್ ಬಸ್ಸಿನಲ್ಲಿದ್ದರೂ ಕೆಲವೊಮ್ಮೆ ಅದರ ಪಿನ್ನು ಇಡೀ ಬಸ್ಸನ್ನು ಕೆಳಗೆ ಎಳೆಯುತ್ತದೆ. ಇದು ಮುಗಿಯದೆ ಮುಂದಕ್ಕೆ ಹೋಗುವುದು ವ್ಯರ್ಥ.

ಅಡ್ರೆಸ್

ಡೇಟಾಶೀಟ್ ಹೆಕ್ಸ್ 80 ಎನ್ನುತ್ತದೆ, ಲಿನಕ್ಸ್ ಹೆಕ್ಸ್ 40 ತೋರಿಸುತ್ತದೆ. ಎರಡೂ ಸರಿ. ಏಳು ಬಿಟ್‌ನ 40ರ ಕೊನೆಗೆ ಓದು-ಬರಹದ ಬಿಟ್ ಸೇರಿದರೆ ಬರಹಕ್ಕೆ 80, ಓದಿಗೆ 81. ನಿಮ್ಮ ಟೂಲ್ ಯಾವ ಪದ್ಧತಿ ಕೇಳುತ್ತದೆ ಎಂದು ಮೊದಲೇ ನೋಡಿಕೊಳ್ಳಿ.

ಬಹಳಷ್ಟು ಪವರ್ ಚಿಪ್‌ಗಳು ಅಡ್ರೆಸ್ ಪಿನ್ನಿನ ರೆಸಿಸ್ಟರನ್ನು ಕರೆಂಟ್ ಬಂದ ಕೂಡಲೇ ಒಮ್ಮೆ ಅಳೆದು ಅಡ್ರೆಸ್ ನಿರ್ಧರಿಸುತ್ತವೆ. ರೆಸಿಸ್ಟರ್ ಬದಲಿಸಿದ ಮೇಲೆ ಪವರ್ ಆಫ್ ಮಾಡಿ ಆನ್ ಮಾಡದಿದ್ದರೆ ಹಳೆಯ ಅಡ್ರೆಸ್ಸೇ ಉಳಿಯುತ್ತದೆ. ಅಲ್ಲಿ 1 ಶೇಕಡಾ ರೆಸಿಸ್ಟರೇ ಬೇಕು. ಬೆಸುಗೆಯ ಫ್ಲಕ್ಸ್ ಒರೆಸದೆ ಬಿಟ್ಟು ಅದರ ಮೇಲೆ ದುರ್ಗದ ಗಾಳಿಯ ಧೂಳು ಕೂತು ಮಳೆಗಾಲ ಬಂದರೆ, ಸೋರಿಕೆಯಿಂದ ಅಡ್ರೆಸ್ಸು ಪಕ್ಕದ ಮನೆಗೆ ಜಾರಿರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ಬ್ರಶ್ ಹಾಕಿ ತೊಳೆಯಿರಿ. ಹೆಕ್ಸ್ 0ಸಿ ಅಡ್ರೆಸ್ ಎಸ್‌ಎಂಬಸ್ ಅಲರ್ಟ್‌ಗೆ ಮೀಸಲು, ಅದನ್ನು ಯಾವ ಚಿಪ್ಪಿಗೂ ಕೊಡಬೇಡಿ.

ಸ್ಕ್ಯಾನ್ ಮಾಡಲು ಲಿನಕ್ಸ್ ಟೂಲ್ ಐ2ಸಿಡಿಟೆಕ್ಟ್ ಸಾಕು. ಆದರೆ ಐ2ಸಿಡಂಪ್ ಮಾತ್ರ ಇಲ್ಲಿ ಮುಟ್ಟಲೇಬೇಡಿ. ಅದು ಹೆಕ್ಸ್ 00ರಿಂದ ಎಫ್‌ಎಫ್ ವರೆಗೆ ಎಲ್ಲ ಕಮಾಂಡ್ ಸಂಖ್ಯೆಗಳನ್ನೂ ಸಾಲಾಗಿ ಕಳಿಸುತ್ತದೆ. ಪಿಎಂಬಸ್‌ನಲ್ಲಿ ಅವು ರಿಜಿಸ್ಟರ್ ಅಲ್ಲ, ಆಜ್ಞೆ. 03 ಅಂದರೆ ಫಾಲ್ಟ್ ಅಳಿಸು, 12 ಅಂದರೆ ಫ್ಯಾಕ್ಟರಿ ಸೆಟ್ಟಿಂಗ್ ತಾ, 15 ಅಂದರೆ ಈಗಿನದನ್ನು ಶಾಶ್ವತ ಮೆಮೊರಿಗೆ ಬರಿ. ಕೆಲವು ಚಿಪ್‌ಗಳು ಈ ಸಂಖ್ಯೆ ಕಂಡ ಕೂಡಲೇ ಕೆಲಸ ಮಾಡಿ ಮುಗಿಸುತ್ತವೆ. ನೀವು ಬರೀ ಓದುತ್ತಿದ್ದೀರಿ ಎಂಬುದು ಅವಕ್ಕೆ ಗೊತ್ತಾಗುವುದಿಲ್ಲ.

ಮೊದಲು ಓದಬೇಕಾದ ನಾಲ್ಕು

ಹೆಕ್ಸ್ 98, ಪಿಎಂಬಸ್ ಆವೃತ್ತಿ: 22 ಬಂದರೆ 1.2, 33 ಬಂದರೆ 1.3. ಹೆಕ್ಸ್ 19, ಸಾಮರ್ಥ್ಯ: ಎಡ ತುದಿಯ ಬಿಟ್ 1 ಇದ್ದರೆ ಪ್ಯಾಕೆಟ್ ಎರರ್ ತಪಾಸಣೆ ಉಂಟು, ಅದರ ಮುಂದಿನ ಎರಡು ಬಿಟ್ ಗರಿಷ್ಠ ವೇಗ ಹೇಳುತ್ತವೆ. ಹೆಕ್ಸ್ 99, ತಯಾರಕರ ಗುರುತು: ಇದು ಬ್ಲಾಕ್ ಓದು, ಮೊದಲ ಬೈಟ್ ಉದ್ದ, ಆಮೇಲೆ ಅಕ್ಷರಗಳು. ನಾಲ್ಕನೆಯದು ಹೆಕ್ಸ್ 20, ವಿ-ಔಟ್ ಮೋಡ್. ಇದರ ಉತ್ತರವನ್ನು ಚೀಟಿಯಲ್ಲಿ ಬರೆದು ಬೋರ್ಡಿಗೆ ಅಂಟಿಸಿ.

ಓದುವಾಗ ಕಮಾಂಡ್ ಕಳಿಸಿದ ಮೇಲೆ ಸ್ಟಾಪ್ ಕೊಡಬಾರದು. ರಿಪೀಟೆಡ್ ಸ್ಟಾರ್ಟ್ ಕೊಟ್ಟು ಓದಿಗೆ ತಿರುಗಬೇಕು. ಆರ್ಡುಯಿನೋದ ಎಂಡ್‌ಟ್ರಾನ್ಸ್‌ಮಿಷನ್‌ಗೆ ಫಾಲ್ಸ್ ಕೊಡುವುದು ಇದಕ್ಕೇ. ಸುಮ್ಮನೆ ಬಿಟ್ಟರೆ ಸ್ಟಾಪ್ ಹೋಗುತ್ತದೆ, ಚಿಪ್ ಏನು ಕೇಳಿದರೆಂಬುದನ್ನೇ ಮರೆತು ಎಫ್‌ಎಫ್ ಕೊಡುತ್ತದೆ.

ಎರಡು ಬಗೆಯ ಲೆಕ್ಕ

ಹೆಚ್ಚು ಜನ ಮುಗ್ಗರಿಸುವುದು ಇಲ್ಲಿ. ಬಹುತೇಕ ಚಿಪ್‌ಗಳಲ್ಲಿ ಇನ್‌ಪುಟ್ ವೋಲ್ಟೇಜ್, ಕರೆಂಟ್, ತಾಪಮಾನ ಲೀನಿಯರ್-11 ಎಂಬ ರೂಪದಲ್ಲಿ ಬರುತ್ತವೆ. ಹದಿನಾರು ಬಿಟ್‌ನಲ್ಲಿ ಮೇಲಿನ ಐದು ಘಾತ, ಕೆಳಗಿನ ಹನ್ನೊಂದು ಸಂಖ್ಯೆ, ಎರಡಕ್ಕೂ ಋಣ ಚಿಹ್ನೆ ಉಂಟು. ಸಂಖ್ಯೆಯನ್ನು ಎರಡರ ಆ ಘಾತದಿಂದ ಗುಣಿಸಿದರೆ ಉತ್ತರ. ಹೆಕ್ಸ್ 88 ಕೇಳಿದರೆ ತಂತಿಯ ಮೇಲೆ 00, ಆಮೇಲೆ ಡಿ3 ಬಂತೆನ್ನಿ. ಕೆಳ ಬೈಟ್ ಮೊದಲು ಬರುವುದರಿಂದ ಪದ ಡಿ300. ಬಿಡಿಸಿ ಬರೆದರೆ 11010 01100000000. ಮೊದಲ ಐದು 26, ಅದರಲ್ಲಿ 32 ಕಳೆದರೆ ಋಣ 6. ಉಳಿದದ್ದು 768. 768 ಭಾಗಿಸು 64, ಸರಿಯಾಗಿ 12 ವೋಲ್ಟ್.

ಐ2ಸಿಗೆಟ್‌ನಲ್ಲಿ ವರ್ಡ್ ಮೋಡ್ ಕೊಡದಿದ್ದರೆ ಕೆಳ ಬೈಟ್ ಮಾತ್ರ ಸಿಗುತ್ತದೆ. 12 ವೋಲ್ಟ್ ಇರುವ ಕಡೆ 00 ಕಂಡು ಬೋರ್ಡ್ ಸತ್ತಿತೆಂದು ತೀರ್ಮಾನಿಸುವವರು ಈ ಗುಂಪಿನವರು. ಇನ್ನೊಂದು ಗುಂಪು ಋಣ ಚಿಹ್ನೆ ಮರೆಯುವವರದು: ಲೋಡ್ ಇಲ್ಲದಾಗ ಕರೆಂಟ್ ಋಣ 1 ಭಾಗಿಸು 64, ಅಂದರೆ ಸೊನ್ನೆಗಿಂತ ಕೂದಲೆಳೆ ಕೆಳಗಿರುತ್ತದೆ. ಚಿಹ್ನೆ ಮರೆತರೆ ಅದೇ 2047 ಭಾಗಿಸು 64 ಆಗಿ 31.98 ಆಂಪಿಯರ್ ಎಂದು ಕಾಣುತ್ತದೆ.

ಔಟ್‌ಪುಟ್ ವೋಲ್ಟೇಜ್‌ದು ಬೇರೆ ದಾರಿ. ಸಾಮಾನ್ಯವಾಗಿ ಹದಿನಾರೂ ಬಿಟ್ ಸಂಖ್ಯೆಯೇ. ಘಾತ ಮಾತ್ರ ವಿ-ಔಟ್ ಮೋಡ್‌ನಲ್ಲಿ ಕೂತಿರುತ್ತದೆ. ಆ ಮೋಡ್ ಹೆಕ್ಸ್ 14 ಎಂದರೆ ಘಾತ ಋಣ 12, ಒಂದು ವೋಲ್ಟ್‌ಗೆ 4096. ಹೆಕ್ಸ್ 13 ಎಂದರೆ ಋಣ 13, ಒಂದು ವೋಲ್ಟ್‌ಗೆ 8192. ಬೇರೊಬ್ಬರ ಕೋಡ್ ತಂದು 13ಕ್ಕೆ ಲೆಕ್ಕ ಹಾಕಿದ 3.3 ವೋಲ್ಟನ್ನು 14 ಇರುವ ಚಿಪ್‌ಗೆ ಬರೆದರೆ 6.6 ವೋಲ್ಟ್ ಕೇಳಿದಂತಾಯಿತು. ಮೋಡ್ 14 ಇದ್ದರೆ 1.2 ವೋಲ್ಟ್‌ಗೆ 4915, ಹೆಕ್ಸ್ 1333. ಲಿನಕ್ಸ್ ಟೂಲ್ ಕೆಳ ಬೈಟನ್ನು ತಾನೇ ಮೊದಲು ಕಳಿಸುತ್ತದೆ. ಅದರ ಮೇಲೆ ನೀವೂ ಕೈಯಾರೆ ತಿರುಗಿಸಿದರೆ 3313, ಅಂದರೆ 13075, ಅಂದರೆ ಮೊದಲ ಸಾಲಿನ ಆ 3.19 ವೋಲ್ಟ್.

ಎಲ್‌ಎಂ25066, ಎಡಿಎಂ1275ನಂಥ ಹಾಟ್‌ಸ್ವಾಪ್ (ಕರೆಂಟ್ ಇರುವಾಗಲೇ ಬೋರ್ಡ್ ಜೋಡಿಸಲು ಬಳಸುವ) ಚಿಪ್‌ಗಳಿಗೆ ಇವೆರಡೂ ನಡೆಯವು. ಅವು ಡೈರೆಕ್ಟ್ ರೂಪದವು: ಬಂದ ಸಂಖ್ಯೆಯನ್ನು ಹತ್ತರ ಋಣ ಆರ್ ಘಾತದಿಂದ ಗುಣಿಸಿ, ಬಿ ಕಳೆದು, ಎಂ ನಿಂದ ಭಾಗಿಸಬೇಕು. ಎಂ, ಬಿ, ಆರ್ ಡೇಟಾಶೀಟ್‌ನ ಕೋಷ್ಟಕದಲ್ಲಿವೆ, ಕರೆಂಟಿನದು ಸೆನ್ಸ್ ರೆಸಿಸ್ಟರ್ ಮೇಲೆ ಬದಲಾಗುತ್ತದೆ.

ಓದಿದ್ದನ್ನೆಲ್ಲ ಮೀಟರ್‌ನೊಂದಿಗೆ ತಾಳೆ ನೋಡಿ. 88ರಿಂದ ಇನ್‌ಪುಟ್, 8ಬಿಯಿಂದ ಔಟ್‌ಪುಟ್, 8ಸಿಯಿಂದ ಕರೆಂಟ್, 8ಡಿಯಿಂದ ತಾಪಮಾನ. ಏಪ್ರಿಲ್ ಮಧ್ಯಾಹ್ನ ದಾವಣಗೆರೆಯ ಕೋಣೆಯಲ್ಲಿ ಲೋಡಿಲ್ಲದ ಚಿಪ್ 40ರ ಮೇಲೆ ತೋರಿಸಿದರೆ ಅನುಮಾನ ಬೇಡ. 12 ಡಿಗ್ರಿ ತೋರಿಸಿದರೆ ಲೆಕ್ಕ ತಪ್ಪಿದೆ. ಎರಡು ಔಟ್‌ಪುಟ್ ಇರುವ ಚಿಪ್ ಆದರೆ ಓದುವ ಮುಂಚೆ ಪೇಜ್ ಕಮಾಂಡ್, ಹೆಕ್ಸ್ 00, ಕೊಡುವುದು ಮರೆಯಬೇಡಿ. ಪೇಜ್ ಎಫ್‌ಎಫ್ ಎಂದರೆ ಎಲ್ಲ ಔಟ್‌ಪುಟ್‌ಗೂ ಒಟ್ಟಿಗೆ. ಆ ಸ್ಥಿತಿಯಲ್ಲಿ ವೋಲ್ಟೇಜ್ ಬರೆದವರ ಗತಿ ಹೇಳಬೇಕಿಲ್ಲ.

ಸ್ಟೇಟಸ್ ಮತ್ತು ಬರಹ

ಹೆಕ್ಸ್ 79 ಸ್ಟೇಟಸ್ ವರ್ಡ್. ಅದರ ಕೆಳ ಬೈಟ್‌ನಲ್ಲಿ 1ನೇ ಬಿಟ್ (ಬಲದಿಂದ 0, 1, 2 ಎಂದು ಎಣಿಸಿ) ಹೊತ್ತಿದ್ದರೆ ಸಂವಹನದ ದೋಷ, 7ಇ ಓದಿ. ಅಲ್ಲಿ 7ನೇ ಬಿಟ್ ಇಲ್ಲದ ಕಮಾಂಡ್, 6ನೆಯದು ತಪ್ಪು ಡೇಟಾ, 5ನೆಯದು ಎರರ್ ಬೈಟ್ ತಾಳೆಯಾಗಲಿಲ್ಲ. ಇವು ಒಮ್ಮೆ ಹೊತ್ತಿದರೆ ಅಳಿಸುವವರೆಗೂ ಉಳಿಯುತ್ತವೆ. ಆದ್ದರಿಂದ ಮೊದಲು ಬರೆದಿಟ್ಟುಕೊಂಡು ಆಮೇಲೆ 03 ಕಳಿಸಿ. ಅಳಿಸಿದ ಕೂಡಲೇ ಮತ್ತೆ ಬಂದರೆ ದೋಷ ಈಗಲೂ ಇದೆ.

ಗಿರಣಿ ಪಕ್ಕದ ಬೋರ್ಡಿಗೆ ಪ್ಯಾಕೆಟ್ ಎರರ್ ತಪಾಸಣೆ ಬೇಕೇ ಬೇಕು. ಅದು ಸಿಆರ್‌ಸಿ-8, ಬಹುಪದದ ಸಂಕೇತ ಹೆಕ್ಸ್ 07, ಆರಂಭ ಸೊನ್ನೆ, ಅಡ್ರೆಸ್ ಬೈಟೂ ಲೆಕ್ಕಕ್ಕೆ ಸೇರುತ್ತದೆ. ನಿಮ್ಮ ಕೋಡ್ ಪರೀಕ್ಷಿಸಲು ಒಂದು ಉತ್ತರ: ಅಡ್ರೆಸ್ 40ರ ಚಿಪ್‌ಗೆ 03 ಕಳಿಸುವಾಗ ಬೈಟ್‌ಗಳು 80, 03, ತಪಾಸಣೆಯ ಬೈಟ್ ಬಿಎಫ್ ಬರಬೇಕು. ಬೇರೇನೋ ಬಂದರೆ 80ರ ಬದಲು 40 ಹಾಕಿದ್ದೀರಾ ನೋಡಿ.

ಬರೆಯುವ ಕ್ರಮ ಹೀಗಿರಲಿ. ಬೆಂಚ್ ಸಪ್ಲೈನ ಕರೆಂಟ್ ಮಿತಿ ತಗ್ಗಿಸಿ. ಮೊದಲು ಹೆಕ್ಸ್ 24, ವಿ-ಔಟ್ ಮ್ಯಾಕ್ಸ್ ಬರೆಯಿರಿ, 1.2 ವೋಲ್ಟ್ ಬೇಕಿದ್ದರೆ 1.3 ಇಡಿ. ಓದಿ ಖಚಿತಪಡಿಸಿಕೊಳ್ಳಿ. ಈ ಬೇಲಿ ಹಾಕಿದ ಮೇಲೆ 3.19 ಕೇಳಿದರೂ ಚಿಪ್ ಮಿತಿಯಲ್ಲೇ ನಿಂತು ದೋಷ ತೋರಿಸುತ್ತದೆ. ನಂತರ ಹೆಕ್ಸ್ 40, ಓವರ್‌ವೋಲ್ಟೇಜ್ ಮಿತಿ. ಆಮೇಲೆ ಹೆಕ್ಸ್ 21ಕ್ಕೆ ಬೇಕಾದ ವೋಲ್ಟೇಜ್. ಪೂರ್ತಿ ಜಿಗಿಯದೆ 10 ಮಿಲಿವೋಲ್ಟ್ ಮಾತ್ರ ಬದಲಿಸಿ ಮೀಟರ್ ಅದೇ ದಿಕ್ಕಿಗೆ ಅಷ್ಟೇ ಸರಿಯಿತೇ ನೋಡಿ.

ಆಪರೇಶನ್ ಕಮಾಂಡ್, ಹೆಕ್ಸ್ 01ಕ್ಕೆ 80 ಬರೆದರೂ ಔಟ್‌ಪುಟ್ ಬರಲಿಲ್ಲವೆಂದರೆ ಹೆಕ್ಸ್ 02 ಓದಿ. 16 ಇದ್ದರೆ ಚಿಪ್ ಕಂಟ್ರೋಲ್ ಪಿನ್ನಿನ ಮಾತಷ್ಟೇ ಕೇಳುತ್ತದೆ, 1ಎ ಇದ್ದರೆ ಕಮಾಂಡ್ ಮಾತ್ರ, 1ಇ ಇದ್ದರೆ ಎರಡೂ ಒಪ್ಪಬೇಕು. ಯಾವ ಬರಹವೂ ಹತ್ತದಿದ್ದರೆ ಹೆಕ್ಸ್ 10 ನೋಡಿ. ಅದು 80 ಇದ್ದರೆ ಬೀಗ ಹಾಕಿದೆ, 00 ಬರೆದರೆ ತೆರೆಯುತ್ತದೆ.

ಬಸ್ ಸಿಕ್ಕಿಕೊಂಡರೆ

ಓದಿನ ನಡುವೆ ಪೈ ರೀಬೂಟ್ ಆದರೆ ಚಿಪ್ ಡೇಟಾ ತಂತಿಯನ್ನು ಕೆಳಗೆ ಹಿಡಿದು ಕೂರಬಹುದು. ನಿಯಮ ಪಾಲಿಸುವ ಎಸ್‌ಎಂಬಸ್ ಚಿಪ್ ಆದರೆ ಕ್ಲಾಕ್ 25ರಿಂದ 35 ಮಿಲಿಸೆಕೆಂಡ್ ಕೆಳಗಿದ್ದಾಗ ತಾನೇ ಬಿಡುತ್ತದೆ. ಅದೇ ಬಸ್ಸಿನ ಬರೀ ಐ2ಸಿ ಚಿಪ್ ಬಿಡುವುದಿಲ್ಲ. ಕ್ಲಾಕ್‌ಗೆ ಒಂಬತ್ತು ಪಲ್ಸ್ ಕೊಟ್ಟು ಸ್ಟಾಪ್ ಕೊಡಿ. ಇದೇ ಟೈಮ್‌ಔಟ್ ಡಿಬಗರ್‌ನಲ್ಲಿ ಬ್ರೇಕ್‌ಪಾಯಿಂಟ್ ಇಟ್ಟು ಕೋಡ್ ಓಡಿಸುವವರನ್ನೂ ಕಾಡುತ್ತದೆ: ನೀವು ಸಾಲು ನೋಡುತ್ತಾ ಕೂತಾಗ ಚಿಪ್ ವಹಿವಾಟು ರದ್ದು ಮಾಡಿರುತ್ತದೆ.

ಪೈ 3ರ ವರೆಗಿನ ಮಾದರಿಗಳ ಐ2ಸಿ ಯಂತ್ರಾಂಶಕ್ಕೆ ಕ್ಲಾಕ್ ಸ್ಟ್ರೆಚಿಂಗ್ ಸರಿಯಾಗಿ ಅರ್ಥವಾಗುವುದಿಲ್ಲ. ಚಿಪ್ "ತಾಳು" ಎಂದು ಕ್ಲಾಕ್ ಹಿಡಿದಾಗ ಒಂದು ಬಿಟ್ ಕಳೆದುಹೋಗಿ ಆಗೊಮ್ಮೆ ಈಗೊಮ್ಮೆ ಸಂಖ್ಯೆ ಕೆಡುತ್ತದೆ. ಐ2ಸಿ-ಜಿಪಿಐಒ ಓವರ್‌ಲೇ ಬಳಸಿದರೆ ಸಾಫ್ಟ್‌ವೇರ್ ಬಸ್ ಸಿಗುತ್ತದೆ, ತೊಂದರೆ ತೀರುತ್ತದೆ. ಸಾಲುಸಾಲು ಓದಿಗೆ ಉಸಿರು ಬಿಡಲಾಗದ ಚಿಪ್‌ಗಳೂ ಇವೆ. ಜೆಡ್‌ಎಲ್6100 ಮನೆತನಕ್ಕೆ ಲಿನಕ್ಸ್ ಡ್ರೈವರೇ ಎರಡು ವಹಿವಾಟಿನ ನಡುವೆ ಒಂದು ಮಿಲಿಸೆಕೆಂಡ್ ಅಂತರ ಇಡುತ್ತದೆ. ಆ ಡ್ರೈವರ್ ಕೂತಿರುವಾಗ ಐ2ಸಿಗೆಟ್ "ಬಿಝಿ" ಎಂದರೆ ಫೋರ್ಸ್ ಮಾಡಿ ನುಗ್ಗಬೇಡಿ. ನೀವು ಬದಲಿಸಿದ ಪೇಜ್ ಡ್ರೈವರ್‌ಗೆ ಗೊತ್ತಾಗದೆ ಒಂದು ರೈಲಿನ ವೋಲ್ಟೇಜನ್ನು ಇನ್ನೊಂದರ ಹೆಸರಲ್ಲಿ ತೋರಿಸುತ್ತದೆ.

ಕೊನೆಗೆ ಸ್ಟೋರ್

ಇಷ್ಟೂ ಬರೆದದ್ದು ಕರೆಂಟ್ ಹೋದರೆ ಮರೆತುಹೋಗುತ್ತದೆ, ಮತ್ತು ಪ್ರಯೋಗದ ದಿನಗಳಲ್ಲಿ ಅದೇ ಒಳ್ಳೆಯದು. ಹೆಕ್ಸ್ 15, ಸ್ಟೋರ್ ಯೂಸರ್ ಆಲ್, ಕಳಿಸುವುದು ಎರಡು ದಿನ ಸ್ಥಿರವಾಗಿ ಓಡಿದ ಮೇಲೆ. ಶಾಶ್ವತ ಮೆಮೊರಿಗೆ ಬರೆಯುವ ಸಲಗಳಿಗೆ ಮಿತಿ ಇದೆ. ಲೂಪ್ ಒಳಗೆ ಸ್ಟೋರ್ ಇಟ್ಟರೆ ಆ ಆಯುಸ್ಸು ಬೇಗ ಮುಗಿಯುತ್ತದೆ. ಚಿಪ್ ತೀರಾ ಬಿಸಿ ಇರುವಾಗ ಬರೆಯಬೇಡಿ ಎಂದು ಕೆಲವು ಡೇಟಾಶೀಟ್‌ಗಳು ಹೇಳುತ್ತವೆ, 85 ಡಿಗ್ರಿಯ ಗಡಿ ಕಾಣಸಿಗುತ್ತದೆ. ಲೋಡ್ ಬಿಡಿಸಿ ತಣ್ಣಗಾಗಲು ಬಿಡಿ. ಬರೆಯುವ ಹೊತ್ತಿಗೆ ಕರೆಂಟ್ ಹೋದರೆ ಅರ್ಧ ಬರೆದ ಮೆಮೊರಿ ಉಳಿದು ಮುಂದಿನ ಸಲ 7ಇ ಯಲ್ಲಿ 4ನೇ ಬಿಟ್ ಹೊತ್ತುತ್ತದೆ. ಬೆಂಚ್ ಸಪ್ಲೈ, ಪೈ ಎರಡನ್ನೂ ಯುಪಿಎಸ್ ಮೇಲೆ ಹಾಕಿ. ಸ್ಟೋರ್ ಕಳಿಸಿ ಒಂದು ಸೆಕೆಂಡಾದರೂ ಬಸ್ಸನ್ನು ಮುಟ್ಟದೆ ಬಿಡಿ, ಸ್ಟೇಟಸ್ ನೋಡಿ, ಪವರ್ ಆರಿಸಿ ಹತ್ತು ಸೆಕೆಂಡ್ ಕಾದು ಹಚ್ಚಿ. 20, 21, 24 ಮತ್ತು 40ನ್ನು ಮತ್ತೆ ಓದಿ ಚೀಟಿಯೊಂದಿಗೂ ನೀವು ಬರೆದ ಸಂಖ್ಯೆಗಳೊಂದಿಗೂ ತಾಳೆಯಾದರೆ ಮಾತ್ರ ಸೆರಾಮಿಕ್ ರೆಸಿಸ್ಟರ್ ಬಿಚ್ಚಿ ನಿಜವಾದ ಲೋಡ್ ಜೋಡಿಸಿ.